ಮಾತು ಮೊದಲು, ಗುಟುಕು ಆಮೇಲೆ

ಕುತಾಯಿಸಿಯ ಈ ಆಸ್ಪತ್ರೆಯ ಮೂರನೇ ಮಹಡಿಗೆ
ರಿಯೋನಿ ನದಿ ಹಗಲಿಡೀ ಕೇಳಿಸುತ್ತದೆ.
ಏಳನೇ ಹಾಸಿಗೆಯ ಎಲ್ಗುಜಾ ಆ ಕಡೆಗೇ ಮುಖ ಮಾಡಿ ಕೂರುತ್ತಾನೆ.
ಅಷ್ಟೊಂದು ನೀರು. ಯಾರೂ ಅಳೆಯದ ನೀರು.

ನಾನು ಅಳೆಯುತ್ತೇನೆ.
ಬೆಳಗ್ಗೆ ಏಳಕ್ಕೆ ಮೂವತ್ತು ಮಿಲಿ,
ಒಂಬತ್ತಕ್ಕೆ ನಲವತ್ತೈದು, ಅದರಲ್ಲಿ ಎಂಟು
ಬಲತುಟಿಯ ಅಂಚಿನಿಂದ ಇಳಿದು ಟವೆಲ್ಲಿಗೆ.
ಅಂದಾಜಿನ ಎಂಟು. ಅದನ್ನೂ ಕಳೆದು ಬರೆಯುತ್ತೇನೆ.
ನಾಲಿಗೆ ಒಣಗಿದೆಯೇ, ಮೂತ್ರದ ಬಣ್ಣವೇನು,
ಮುಂಗೈಯ ಚರ್ಮ ಚಿವುಟಿದರೆ ಎಷ್ಟು ಹೊತ್ತು ನಿಲ್ಲುತ್ತದೆ,
ಎಲ್ಲ ಬರೆಯುತ್ತೇನೆ.

ನಲವತ್ತು ವರ್ಷ ಈತ ಔತಣದ ಮೇಜಿನ ಯಜಮಾನ,
ತಮದಾ.
ಮದುವೆಗೂ ಈತನೇ ಬೇಕು, ತಿಥಿಗೂ ಈತನೇ.
ಕೈಯಲ್ಲಿ ಟಗರಿನ ಕೊಂಬು, ತುಂಬ ಕಪ್ಪು ದ್ರಾಕ್ಷಾರಸ.
ಕೊಂಬಿಗೆ ತಳವಿಲ್ಲ, ಕೆಳಗಿಡುವಂತಿಲ್ಲ,
ಕತ್ತು ಹಿಂದಕ್ಕೆ ಚೆಲ್ಲಿ ಒಂದೇ ಉಸಿರಿಗೆ ಮುಗಿಸಬೇಕು.

ನಾನು ಹೇಳುವುದು: ಗದ್ದ ಎದೆಗೆ.
ಬೆನ್ನು ನೆಟ್ಟಗೆ. ಅರ್ಧ ಚಮಚ. ಅವಸರವಿಲ್ಲ.

ಮೊದಲ ದಿನ ಬರಿಯ ನೀರು ಕೊಟ್ಟು ನೋಡಿದ್ದೆ,
ಎರಡು ಬೆರಳು ಗಂಟಲಮಣಿಯ ಮೇಲಿಟ್ಟು.
ಬಾವಿಯ ಕೊಡದಂತೆ ಅದು ಮೇಲೇಳಬೇಕು.
ಎದ್ದಿತು, ತಡವಾಗಿ,
ಕರೆದ ಮೇಲೆ ಯೋಚಿಸಿ ಎದ್ದ ಹಾಗೆ.
"ಆ ಅನ್ನಿ" ಅಂದೆ.
ಅಂದ ದನಿಯಲ್ಲಿ ನೀರಿತ್ತು,
ಕೆಸರಿನಿಂದ ಕಾಲು ಕಿತ್ತಂಥ ದನಿ.
ಅಲ್ಲಿಗೆ ನಿಲ್ಲಿಸಿದೆ.

ನೆತ್ತಿಗೆ ಹತ್ತಿದರೆ ಭಯವಿಲ್ಲ, ಕೆಮ್ಮುತ್ತಾರೆ.
ಭಯ ಇರುವುದು ಸುಮ್ಮನಿರುವವರದು.
ಮೂರನೇ ಹಾಸಿಗೆಯ ವಾರ್ಲಾಮ್ ಒಮ್ಮೆಯೂ ಕೆಮ್ಮಲಿಲ್ಲ,
ಒಳ್ಳೆಯ ಮಗುವಿನ ಹಾಗೆ ಸೂಪು ಕುಡಿದ,
ನಾಲ್ಕನೇ ದಿನ ಜ್ವರ, ಎದೆಯಲ್ಲಿ ಗೊರಗೊರ.
ಹೇಗೋ ಉಳಿದುಕೊಂಡ.

ಭಾನುವಾರ ಸೋದರಳಿಯ ಬಂದ,
ಕೋಟಿನೊಳಗೆ ಔಷಧಿಯ ಶೀಸೆ, ಶೀಸೆಯಲ್ಲಿ ಮನೆಯ ದ್ರಾಕ್ಷಾರಸ.
"ಒಂದೇ ಹನಿ, ಸಿಸ್ಟರ್, ಮಾವ ತುಟಿ ನೆನೆಸಿಕೊಳ್ಳಲಿ."
ನಾನು ಬಯ್ಯಲಿಲ್ಲ. ವಾರ್ಲಾಮನ ಕಥೆ ಹೇಳಿದೆ.
ಶೀಸೆ ನನ್ನ ಬೀರುವಿನಲ್ಲಿದೆ, ಚೆಲ್ಲಿಲ್ಲ.

ಪುಡಿ ಕಲಸಿ ದಪ್ಪ ಮಾಡಿದ ನೀರನ್ನು ಎಲ್ಗುಜಾ ಸೋಮವಾರ ತಳ್ಳಿದ.
ಮಂಗಳವಾರ ಚಮಚ ನೆಲಕ್ಕೆ ಬಿತ್ತು.
ಬುಧವಾರ ನಾನೇ ಒಂದು ಚಮಚ ಬಾಯಿಗಿಟ್ಟುಕೊಂಡೆ.
ಲೋಳೆ. ನೀರಿನ ನೆನಪೂ ಇಲ್ಲದ ನೀರು.
"ಕೆಟ್ಟದಾಗಿದೆ" ಅಂದೆ.
ಆತನ ಅರ್ಧ ಮುಖ ನಕ್ಕಿತು,
ಬರುವ ಸಾವಿರ ಮಾತುಗಳಲ್ಲಿ ಒಂದೂ ಬರಲಿಲ್ಲ.

ಆಗ ನಾನು ಕೇಳಿದೆ:
"ನಿಮ್ಮ ಮೇಜಿನಲ್ಲಿ, ತಮದಾ ಮಾತು ಮುಗಿಸುವ ಮೊದಲು
ಯಾರಾದರೂ ಕುಡಿಯುವುದುಂಟೇ?"
ತಲೆ ಅಡ್ಡಡ್ಡ ಆಡಿತು.
"ನನ್ನಲ್ಲೂ ಅಷ್ಟೇ. ಬಾಯಲ್ಲಿ ಗುಟುಕಿದ್ದಾಗ ಮಾತಿಲ್ಲ.
ಮೊದಲು ನೀವು ಹೇಳಿ. ಕಾಯುತ್ತೇನೆ."

ಎಡಗೈ ಚಮಚವನ್ನು ಎತ್ತಿ ಹಿಡಿಯಿತು, ನಡುಗುತ್ತ.
ಆರನೆಯವನ ರೇಡಿಯೋ ಯಾರೋ ಆರಿಸಿದರು.
ಎಷ್ಟೋ ಹೊತ್ತಿನ ಮೇಲೆ ಗಂಟಲಿನಿಂದ ಒಂದು ತುಂಡು ಬಂತು,
"ಸ..." ಅಂತಲೋ "ತ್ಸ..." ಅಂತಲೋ.
ಸತ್ತ ಹೆಂಡತಿ ತ್ಸಿರಾಳಿಗಿರಬಹುದು.
ನೀರಿಗೇ ಅಂದರೆ, ತ್ಸ್ಕಾಲಿ, ಅದೂ ಹಾಗೇ ಶುರುವಾಗುತ್ತದೆ.
ಮೂರನೇ ಹಾಸಿಗೆಯಿಂದ ವಾರ್ಲಾಮ್ ಮಾತ್ರ,
ಅರ್ಥವಾದವನಂತೆ, "ಗೌಮಾರ್ಜೋಸ್" ಅಂದ.

ಗದ್ದ ಎದೆಗೆ. ತಾನಾಗಿಯೇ.
ಮಣಿ ಏರಿತು, ಇಳಿಯಿತು.
"ಆ ಅನ್ನಿ."
ಒಣ ದನಿ.

ಮೂರೂ ನಲವತ್ತು. ಐದು ಮಿಲಿ. ಕೆಮ್ಮಿಲ್ಲ.
ಕಾಗದದಲ್ಲಿ ಇದಿಷ್ಟಕ್ಕೇ ಜಾಗ.
ಆಮೇಲೆ ಅರ್ಧ ಗಂಟೆ ಮಲಗಿಸುವಂತಿಲ್ಲ.
ಸ್ಪಂಜು ಸುತ್ತಿದ ಕಡ್ಡಿಯಿಂದ ಬಲಗೆನ್ನೆಯೊಳಗೆ ಹುಡುಕುತ್ತೇನೆ:
ಅರೆದ ಹುರುಳಿಕಾಯಿ, ಮಧ್ಯಾಹ್ನದ್ದು,
ಅಲ್ಲೇ ಅಡಗಿ ಕೂತಿದೆ.